ಸ್ವಂತ ಸೈನ್ಯವಿಲ್ಲದ ಕೂಟದ ಲೆಕ್ಕಿಗರು

ಜರ್ಮನಿಯ ಪಶ್ಚಿಮ ಅಂಚಿನ ಗೈಲೆನ್‌ಕಿರ್ಶನ್ ಎಂಬ ಊರಿನಲ್ಲಿ ಒಂದು ವಾಯುನೆಲೆ ಇದೆ. ಬೆನ್ನ ಮೇಲೆ ದೊಡ್ಡ ತಟ್ಟೆಯಂಥ ರೇಡಾರ್ ಹೊತ್ತ ವಿಮಾನಗಳ ತವರು ಅದು. ಈ ವಿಮಾನಗಳ ಬಾಲದ ಮೇಲೆ ಜರ್ಮನಿಯ ಗುರುತಿಲ್ಲ, ಅಮೆರಿಕದ ಗುರುತೂ ಇಲ್ಲ. ಅಲ್ಲಿರುವುದು ಲಕ್ಸೆಂಬರ್ಗಿನ ಸಿಂಹಲಾಂಛನ. ಕೊಡಗು ಜಿಲ್ಲೆಗಿಂತಲೂ ಚಿಕ್ಕದಾದ, ತನ್ನದೆಂಬ ಒಂದೇ ಒಂದು ಯುದ್ಧವಿಮಾನವೂ ಇಲ್ಲದ ದೇಶ ಲಕ್ಸೆಂಬರ್ಗ್!

ಇದಕ್ಕೆ ಕಾರಣ ಸರಳ. 1982 ಮತ್ತು 1985ರ ನಡುವೆ ಬಂದ 18 ವಿಮಾನಗಳ ಈ ತಂಡ 'ನ್ಯಾಟೊ' ಎಂದು ಹೆಸರಾದ ಉತ್ತರ ಅಟ್ಲಾಂಟಿಕ್ ಒಪ್ಪಂದ ಕೂಟಕ್ಕೆ ಸೇರಿದ್ದು. ವಿಮಾನ ಹಾರಬೇಕಾದರೆ ಯಾವುದಾದರೊಂದು ದೇಶದಲ್ಲಿ ಅದರ ನೋಂದಣಿ ಆಗಲೇಬೇಕು. ಕೂಟವೇನೋ ಬಲಶಾಲಿ, ಆದರೆ ಅದು ದೇಶವಲ್ಲ. ಆದ್ದರಿಂದ ಲಕ್ಸೆಂಬರ್ಗ್ ತನ್ನ ಹೆಸರನ್ನು ಕೊಟ್ಟಿತು.

ಜಗತ್ತಿನ ಅತಿ ಪ್ರಬಲ ಸೇನಾಕೂಟ ಎನಿಸಿಕೊಂಡ ನ್ಯಾಟೊದ ನಿಜಸ್ಥಿತಿಯನ್ನು ಈ ವಿಮಾನಗಳೇ ಹೇಳುತ್ತವೆ. ಇಂಥ ಕೆಲವು ಸಾಧನಗಳು ಹಾಗೂ ಒಂದಷ್ಟು ಸೇನಾ ಕಚೇರಿಗಳನ್ನು ಬಿಟ್ಟರೆ ಕೂಟಕ್ಕೆ ಸ್ವಂತ ಸೈನ್ಯವಿಲ್ಲ. ಟ್ಯಾಂಕು, ಹಡಗು, ಸೈನಿಕ ಎಲ್ಲವೂ ಸದಸ್ಯ ರಾಷ್ಟ್ರಗಳವು. ಅವರವರ ಸರ್ಕಾರ ಒಪ್ಪಿದರೆ ಬರುತ್ತವೆ, ಇಲ್ಲವಾದರೆ ಇಲ್ಲ. ಹಾಗಿದ್ದರೆ ಯುದ್ಧ ಬಂದ ದಿನ ಯಾರು ಏನನ್ನು ತರುತ್ತಾರೆ? ಎಷ್ಟು ದಿನಗಳಲ್ಲಿ ತರುತ್ತಾರೆ? ತಂದದ್ದು ಸಾಕಾಗುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದಕ್ಕಾಗಿಯೇ ಬ್ರಸೆಲ್ಸಿನಲ್ಲಿ ಒಂದು ಬಗೆಯ ಅಧಿಕಾರಿಗಳಿದ್ದಾರೆ. ಅವರೇ ರಕ್ಷಣಾ ಯೋಜನಾಧಿಕಾರಿಗಳು. ಸೇನಾಪತಿಗಳ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ, ಇವರ ಹೆಸರು ಬರುವುದಿಲ್ಲ. ಆದರೂ ಏಳು ದಶಕಗಳಿಗೂ ಮಿಕ್ಕಿ ಯುರೋಪಿನ ಯುದ್ಧ ಮತ್ತು ಶಾಂತಿಯ ಲೆಕ್ಕ ಇವರ ಮೇಜಿನ ಮೇಲೆಯೇ ಹಾದು ಬಂದಿದೆ.

ವಂತಿಗೆಯ ಲೆಕ್ಕ

ಊರ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತುವವರನ್ನು ನೋಡಿದವರಿಗೆ ಈ ಕೆಲಸದ ಸ್ವರೂಪ ಸುಲಭವಾಗಿ ತಿಳಿಯುತ್ತದೆ. ತೇರು ಎಲ್ಲರದು, ಹಗ್ಗ, ಎಣ್ಣೆ, ಅಕ್ಕಿ ಮಾತ್ರ ಒಂದೊಂದು ಮನೆಯದು. ದೊಡ್ಡ ಮನೆ ಕೊಡುತ್ತದೆಂದು ಚಿಕ್ಕ ಮನೆ ಸುಮ್ಮನಿರುತ್ತದೆ. ಚಿಕ್ಕ ಮನೆ ಸುಮ್ಮನಿದೆಯೆಂದು ದೊಡ್ಡ ಮನೆ ಗೊಣಗುತ್ತದೆ. ಪಟ್ಟಿ ಹಿಡಿದವನಿಗೆ ಯಾರ ಮೇಲೂ ಅಧಿಕಾರವಿಲ್ಲ. ಕೇಳಬಹುದು, ನೆನಪಿಸಬಹುದು, ಹೆಚ್ಚೆಂದರೆ ಪಂಚರ ಮುಂದೆ ಪಟ್ಟಿ ಓದಿ ಹೇಳಬಹುದು.

1949ರ ಏಪ್ರಿಲ್ 4ರಂದು ವಾಷಿಂಗ್ಟನ್ನಿನಲ್ಲಿ 12 ದೇಶಗಳು ಸಹಿ ಹಾಕಿದ ಒಪ್ಪಂದದಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು 5ನೇ ವಿಧಿ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದು ಸಾರುವ ವಿಧಿ ಅದು. ಅದಕ್ಕಿಂತ ಎರಡು ಮೆಟ್ಟಿಲು ಹಿಂದಿರುವ 3ನೇ ವಿಧಿಯನ್ನು ಓದಿದವರು ಕಡಿಮೆ. ಪ್ರತಿ ದೇಶವೂ ಸ್ವಪ್ರಯತ್ನದಿಂದ ಮತ್ತು ಪರಸ್ಪರ ನೆರವಿನಿಂದ ದಾಳಿಯನ್ನು ಎದುರಿಸುವ ಸಾಮರ್ಥ್ಯವನ್ನು ಸದಾ ಬೆಳೆಸಿಕೊಂಡು ಬರಬೇಕು ಎನ್ನುತ್ತದೆ ಅದು. 5ನೇ ವಿಧಿ ಮಾತು ಕೊಡುತ್ತದೆ. ಆ ಮಾತಿಗೆ ಬಂಡವಾಳ ಒದಗಿಸಬೇಕಾದದ್ದು 3ನೇ ವಿಧಿ. ಯೋಜನಾಧಿಕಾರಿಯ ಹುದ್ದೆ ಹುಟ್ಟಿದ್ದು ಈ ಎರಡರ ನಡುವಿನ ಅಂತರದಲ್ಲಿ.

ಮೊದಲ ಒಂದು ವರ್ಷ ಒಪ್ಪಂದ ಬಹುಮಟ್ಟಿಗೆ ಕಾಗದವಾಗಿಯೇ ಇತ್ತು. 1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಸಿಡಿದಾಗ ಪಶ್ಚಿಮ ಯುರೋಪು ಬೆಚ್ಚಿತು. ಏಷ್ಯಾದ ಒಡೆದ ದೇಶದಲ್ಲಿ ನಡೆದದ್ದು ಯುರೋಪಿನ ಒಡೆದ ದೇಶವಾದ ಜರ್ಮನಿಯಲ್ಲಿ ನಡೆಯಲಾರದೇ ಎಂಬ ಭಯ ಆವರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಡ್ವೈಟ್ ಐಸೆನ್‌ಹೋವರ್ ಕೂಟದ ಯುರೋಪ್ ಪಡೆಗಳ ಮಹಾದಂಡನಾಯಕನಾಗಿ ನೇಮಕಗೊಂಡರು. ದಂಡನಾಯಕ ಸಿಕ್ಕಿದರು, ದಂಡು ಎಲ್ಲಿ?

ಮೂವರು ಜಾಣರು

1951ರ ಸೆಪ್ಟೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ ಸೇರಿದ ನ್ಯಾಟೊ ಮಂಡಲಿ ಒಂದು ತಾತ್ಕಾಲಿಕ ಸಮಿತಿಯನ್ನು ರಚಿಸಿತು. ಸೇನಾಪತಿಗಳು ಕೇಳುತ್ತಿರುವ ಸೈನ್ಯವನ್ನು ಹಣಕಾಸು ಸಚಿವರು ನಿಭಾಯಿಸಬಲ್ಲರೇ ಎಂದು ನೋಡುವುದು ಅದರ ಕೆಲಸ. ಅಮೆರಿಕದ ಆವೆರೆಲ್ ಹ್ಯಾರಿಮನ್, ಬ್ರಿಟನ್ನಿನ ಎಡ್ವಿನ್ ಪ್ಲೌಡನ್ ಮತ್ತು ಫ್ರಾನ್ಸಿನ ಜಾನ್ ಮೊನೆ ಇದರ ಮುಂದಾಳುಗಳು. ಇವರನ್ನು 'ಮೂವರು ಜಾಣರು' ಎಂದೇ ಕರೆಯಲಾಯಿತು. ಮುಂದೆ ಯುರೋಪ್ ಒಕ್ಕೂಟದ ಶಿಲ್ಪಿಗಳಲ್ಲಿ ಒಬ್ಬರೆಂದು ಹೆಸರಾದ ಮೊನೆ ಇವರೇ.

ಮೂವರೂ ಸೈನಿಕರಲ್ಲ ಎಂಬುದು ಗಮನಾರ್ಹ. ಅವರು ಹಿಡಿದ ದಾರಿ ಲೆಕ್ಕ ಪರಿಶೋಧಕರದು. ಪ್ರತಿ ದೇಶಕ್ಕೂ ಪ್ರಶ್ನಾವಳಿ ಕಳಿಸಿದರು. ನಿಮ್ಮಲ್ಲಿ ಎಷ್ಟು ಡಿವಿಷನ್ ಇವೆ, ಸಜ್ಜಾಗಲು ಎಷ್ಟು ಸಮಯ ಬೇಕು, ಮುಂದಿನ ವರ್ಷದ ಬಜೆಟ್ ಎಷ್ಟು, ಇನ್ನಷ್ಟು ಕೊಡಲಾರಿರೇಕೆ? ಉತ್ತರ ಬಂದ ಮೇಲೆ ಆಯಾ ದೇಶದ ಪ್ರತಿನಿಧಿಗಳನ್ನು ಕೂರಿಸಿಕೊಂಡು ಮರುಪ್ರಶ್ನೆ ಹಾಕಿದರು. ಸ್ವತಂತ್ರ ದೇಶಗಳು ಶಾಂತಿಕಾಲದಲ್ಲಿ ತಮ್ಮ ಸೇನೆಯ ಕಡತವನ್ನು ನೆರೆಹೊರೆಯವರ ಮುಂದೆ ಹೀಗೆ ಬಿಚ್ಚಿಟ್ಟದ್ದು ಹೊಸ ಸಂಗತಿ. ಈ ಪದ್ಧತಿ ಮರುವರ್ಷದಿಂದ 'ವಾರ್ಷಿಕ ಪರಾಮರ್ಶೆ' ಎಂಬ ಹೆಸರಿನಲ್ಲಿ ಖಾಯಂ ಆಯಿತು. ಇಂದಿನ ಯೋಜನಾಧಿಕಾರಿಯ ಮೂಲಪುರುಷರು ಈ ಮೂವರೇ.

ಅವರ ವರದಿಯ ಆಧಾರದ ಮೇಲೆ 1952ರ ಫೆಬ್ರುವರಿಯಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಗುರಿ ನಿಗದಿಯಾಯಿತು. ಆ ವರ್ಷದ ಕೊನೆಗೆ ಸುಮಾರು 50 ಡಿವಿಷನ್ ಮತ್ತು 4,000 ವಿಮಾನ. 1954ರ ಹೊತ್ತಿಗೆ ಮೀಸಲು ಪಡೆಗಳೂ ಸೇರಿ 96 ಡಿವಿಷನ್. ಒಂದು ಡಿವಿಷನ್ ಎಂದರೆ ಹದಿನೈದು ಸಾವಿರದ ಆಸುಪಾಸಿನ ಸೈನಿಕರು, ಅವರ ಟ್ಯಾಂಕು, ಫಿರಂಗಿ, ಲಾರಿ, ಅಡುಗೆ, ಆಸ್ಪತ್ರೆ ಎಲ್ಲವೂ.

ಲಿಸ್ಬನ್ ಸಭೆ ಕೂಟಕ್ಕೆ ಒಬ್ಬ ಮಹಾಕಾರ್ಯದರ್ಶಿ ಬೇಕೆಂದೂ ತೀರ್ಮಾನಿಸಿತು. ಆ ಹುದ್ದೆಗೆ ಬಂದ ಲಾರ್ಡ್ ಇಸ್ಮೇ ಭಾರತಕ್ಕೆ ಅಪರಿಚಿತರಲ್ಲ. 1887ರಲ್ಲಿ ನೈನಿತಾಲಿನಲ್ಲಿ ಹುಟ್ಟಿ, ಬ್ರಿಟಿಷ್ ಭಾರತದ ಅಶ್ವದಳದಲ್ಲಿ ಸೇವೆ ಸಲ್ಲಿಸಿ, ಎರಡನೇ ಮಹಾಯುದ್ಧದಲ್ಲಿ ಚರ್ಚಿಲ್ ಅವರ ಬಲಗೈಯಾಗಿದ್ದವರು ಇವರು. 1947ರಲ್ಲಿ ವೈಸರಾಯ್ ಮೌಂಟ್‌ಬ್ಯಾಟನ್ನರ ಸಿಬ್ಬಂದಿ ಮುಖ್ಯಸ್ಥರಾಗಿ ದೆಹಲಿಗೆ ಬಂದರು. ಆ ವರ್ಷದ ಮೇ ತಿಂಗಳಲ್ಲಿ ಅಧಿಕಾರ ಹಸ್ತಾಂತರದ ಕರಡನ್ನು ಲಂಡನ್ನಿಗೆ ಒಯ್ದವರೂ ಇವರೇ. ಒಂದು ಸೈನ್ಯವನ್ನು ಎರಡಾಗಿ ಹಂಚುವುದನ್ನು ದೆಹಲಿಯಲ್ಲಿ ಕಣ್ಣಾರೆ ಕಂಡಿದ್ದ ಈ ಅಧಿಕಾರಿಗೆ ಐದೇ ವರ್ಷಗಳಲ್ಲಿ ಹತ್ತಾರು ಸೈನ್ಯಗಳನ್ನು ಒಂದು ಲೆಕ್ಕದಲ್ಲಿ ಕೂಡಿಸುವ ಕೆಲಸ ಬಂದಿತು.

ಕೊರತೆ ತುಂಬಿದ ಅಣುಬಾಂಬು

ಲಿಸ್ಬನ್ ಲೆಕ್ಕ ಕಾಗದದ ಮೇಲೆ ಸರಿಯಾಗಿತ್ತು, ಜೇಬಿಗೆ ಸರಿಹೊಂದಲಿಲ್ಲ. ಯುರೋಪು ಇನ್ನೂ ಮಹಾಯುದ್ಧದ ಬೂದಿಯಿಂದ ಏಳುತ್ತಿತ್ತು. ಫ್ರಾನ್ಸಿನ ಸೈನ್ಯ ಇಂಡೋಚೈನಾದಲ್ಲಿ, ಬ್ರಿಟನ್ನಿನದು ಮಲಯದಲ್ಲಿ ಸಿಲುಕಿತ್ತು. ಪಶ್ಚಿಮ ಜರ್ಮನಿಗೆ ಸೈನ್ಯವೇ ಇರಲಿಲ್ಲ. ಅದು ಕೂಟಕ್ಕೆ ಸೇರಿದ್ದು 1955ರಲ್ಲಿ. ಮನೆ ಕಟ್ಟಬೇಕೋ ಟ್ಯಾಂಕು ಕೊಳ್ಳಬೇಕೋ ಎಂದು ಮತದಾರರು ಕೇಳಿದರೆ ಸರ್ಕಾರಗಳು ಏನು ಉತ್ತರ ಕೊಟ್ಟಾವು? 96 ಡಿವಿಷನ್ ಕನಸಾಗಿಯೇ ಉಳಿಯಿತು.

ಗುರಿ ತಪ್ಪಿದ್ದರ ಪರಿಣಾಮ ಕಡತದಲ್ಲಿ ಕೆಂಪು ಶಾಯಿಯ ಗೆರೆಯಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸೈನಿಕರ ಕೊರತೆಯನ್ನು ತುಂಬಲು ಅಣ್ವಸ್ತ್ರ ಬಂದಿತು. 1954ರ ಡಿಸೆಂಬರಿನಲ್ಲಿ, ಯುದ್ಧ ಬಂದರೆ ಆರಂಭದಿಂದಲೇ ಅಣ್ವಸ್ತ್ರ ಬಳಸಬೇಕಾಗುತ್ತದೆ ಎಂಬ ಆಧಾರದ ಮೇಲೆ ಯೋಜನೆ ರೂಪಿಸಲು ಮಂಡಲಿ ಒಪ್ಪಿತು. ಕಡಿಮೆ ಸೈನಿಕರು, ಕಡಿಮೆ ಖರ್ಚು, ಹೆಚ್ಚು ಬಾಂಬು!

ಆ ಅಗ್ಗದ ಲೆಕ್ಕದ ನಿಜವಾದ ಬೆಲೆ ಎಷ್ಟೆಂಬುದು 1955ರ ಜೂನ್‌ನಲ್ಲಿ ನಡೆದ 'ಕಾರ್ಟ್ ಬ್ಲಾಂಶ್' ಎಂಬ ಸಮರಾಭ್ಯಾಸದಲ್ಲಿ ಗೊತ್ತಾಯಿತು. ಕೆಲವೇ ದಿನಗಳ ಅಭ್ಯಾಸದಲ್ಲಿ ಮುನ್ನೂರಕ್ಕೂ ಹೆಚ್ಚು ಅಣುಬಾಂಬುಗಳು ಕಾಲ್ಪನಿಕವಾಗಿ ಬಿದ್ದವು. ಸತ್ತ ಜರ್ಮನರು 17 ಲಕ್ಷ, ಗಾಯಗೊಂಡವರು 35 ಲಕ್ಷ ಎಂದು ಲೆಕ್ಕ ಹಾಕಲಾಯಿತು. ವಿಷಯ ಪತ್ರಿಕೆಗಳಿಗೆ ಸೋರಿ ಪಶ್ಚಿಮ ಜರ್ಮನಿಯಲ್ಲಿ ಗದ್ದಲವೆದ್ದಿತು. ರಕ್ಷಿಸಬೇಕಾದ ನೆಲವನ್ನೇ ಸುಟ್ಟು ರಕ್ಷಿಸುವ ಯೋಜನೆ ಯಾರಿಗೆ ಬೇಕು? ಡಿವಿಷನ್ನುಗಳ ಲೆಕ್ಕವೆಂದರೆ ಒಣ ಅಂಕಗಣಿತವಲ್ಲ ಎಂಬುದು ಅಂದು ಜನಸಾಮಾನ್ಯರಿಗೂ ತಿಳಿಯಿತು. ಒಂದು ಡಿವಿಷನ್ ಕಡಿಮೆಯಾದಷ್ಟೂ ಬಾಂಬಿನ ಗುಂಡಿ ಒಂದಂಗುಲ ಹತ್ತಿರ ಬರುತ್ತಿತ್ತು.

175 ಡಿವಿಷನ್ನುಗಳ ಗುಟ್ಟು

ಸ್ವಂತ ಪಡೆಯನ್ನು ಎಣಿಸಿದ ಹಾಗೆ ಎದುರಾಳಿಯದನ್ನೂ ಎಣಿಸಬೇಕು. ಪಾಂಡವರದು ಏಳು ಅಕ್ಷೋಹಿಣಿ, ಕೌರವರದು ಹನ್ನೊಂದು ಎಂದು ಭಾರತ ಕಥೆ ಕೇಳಿದ ಮಕ್ಕಳೂ ಹೇಳಬಲ್ಲರು. ಅಲ್ಲಿ ಒಂದು ಅಕ್ಷೋಹಿಣಿಯಲ್ಲಿ ಎಷ್ಟು ರಥ, ಎಷ್ಟು ಆನೆ, ಎಷ್ಟು ಕುದುರೆ, ಎಷ್ಟು ಕಾಲಾಳು ಎಂಬುದಕ್ಕೆ ಖಚಿತ ಸಂಖ್ಯೆ ಇದೆ. ಆದರೆ ಎರಡೂ ಕಡೆಯ ಅಕ್ಷೋಹಿಣಿಗಳ ಗಾತ್ರ ಬೇರೆಬೇರೆಯಾಗಿದ್ದರೆ ಏಳು ಮತ್ತು ಹನ್ನೊಂದರ ಹೋಲಿಕೆಗೆ ಏನು ಅರ್ಥ?

1950ರ ದಶಕದುದ್ದಕ್ಕೂ ಪಶ್ಚಿಮದ ಕಡತಗಳಲ್ಲಿ ಸೋವಿಯತ್ ಒಕ್ಕೂಟದ 175 ಡಿವಿಷನ್ ಎಂಬ ಸಂಖ್ಯೆ ಬೇರೂರಿತ್ತು. ಅದರ ಮುಂದೆ ನ್ಯಾಟೊದ ಸಂಖ್ಯೆ ಎಂದಿಗೂ ದಡ ಸೇರದು ಎಂಬ ನಿರಾಶೆಗೆ ಆ ಸಂಖ್ಯೆಯೇ ಮೂಲ. 1961ರ ನಂತರ ಅಮೆರಿಕದ ರಕ್ಷಣಾ ಸಚಿವ ರಾಬರ್ಟ್ ಮೆಕ್‌ನಮಾರಾ ಅವರ ಕಚೇರಿಯಲ್ಲಿ ಆಲೆನ್ ಎಂಥೊವೆನ್ ಎಂಬ ಯುವ ಅರ್ಥಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು ಸರಳವಾದ ಪ್ರಶ್ನೆಯೊಂದನ್ನು ಕೇಳಿದರು. ಸುಮಾರು 10 ಲಕ್ಷ ಜನರಿರುವ ಅಮೆರಿಕದ ಭೂಸೇನೆಗೆ 16 ಡಿವಿಷನ್ ನಿಲ್ಲಿಸುವುದೇ ಕಷ್ಟವಾಗಿರುವಾಗ, ಅದರ ಸುಮಾರು ಎರಡರಷ್ಟು ಜನರಿರುವ ಸೋವಿಯತ್ ಭೂಸೇನೆ 175 ಡಿವಿಷನ್ ನಿಲ್ಲಿಸುವುದು ಹೇಗೆ?

ಕೆದಕಿದಾಗ ಗುಟ್ಟು ಹೊರಬಂದಿತು. ಆ ಡಿವಿಷನ್ನುಗಳಲ್ಲಿ ಅನೇಕವು ಅರೆಬರೆ. ಕೆಲವು ಬಹುಪಾಲು ಹೆಸರಿಗಷ್ಟೇ ಇದ್ದು, ಯುದ್ಧ ಬಂದಾಗ ಮೀಸಲು ಸೈನಿಕರನ್ನು ಕರೆದು ತುಂಬಬೇಕಾದವು. ಪೂರ್ಣ ಸಜ್ಜಾದ ಸೋವಿಯತ್ ಡಿವಿಷನ್ ಕೂಡ ಅಮೆರಿಕದ ಡಿವಿಷನ್ನಿಗಿಂತ ಚಿಕ್ಕದು. ಎದುರಾಳಿ ದುರ್ಬಲನೇನೂ ಆಗಿರಲಿಲ್ಲ. ಆದರೆ ಅಜೇಯನೂ ಆಗಿರಲಿಲ್ಲ. ಸಾಮಾನ್ಯ ಶಸ್ತ್ರಗಳಿಂದಲೇ ಸ್ವಲ್ಪ ಕಾಲವಾದರೂ ತಡೆದು ನಿಲ್ಲಬಹುದು, ಮೊದಲ ದಿನವೇ ಅಣುಬಾಂಬಿನ ಮೊರೆ ಹೋಗಬೇಕಾಗಿಲ್ಲ ಎಂಬ ವಾದಕ್ಕೆ ಇದರಿಂದ ಬಲ ಬಂದಿತು.

ಮುಂದೆ 1967ರ ಡಿಸೆಂಬರಿನಲ್ಲಿ ನ್ಯಾಟೊ ಒಪ್ಪಿಕೊಂಡ, ದಾಳಿಯ ಪ್ರಮಾಣಕ್ಕೆ ತಕ್ಕ ಪ್ರತಿಕ್ರಿಯೆಯ ನೀತಿಯ ಹಿಂದೆ ಈ ಮರುಎಣಿಕೆಯ ಪಾಲೂ ಇದೆ. ಅದನ್ನು ಒಪ್ಪಿದ ವೇದಿಕೆಯ ಹೆಸರೇ ರಕ್ಷಣಾ ಯೋಜನಾ ಸಮಿತಿ. 1963ರಲ್ಲಿ ಹುಟ್ಟಿದ ಈ ಸಮಿತಿಗೆ ಮಹತ್ವ ಬಂದದ್ದು 1966ರಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ತಮ್ಮ ಪಡೆಗಳನ್ನು ಕೂಟದ ಜಂಟಿ ಆಡಳಿತದಿಂದ ಹಿಂದಕ್ಕೆ ಪಡೆದಾಗ. ಪ್ಯಾರಿಸ್ಸಿನಲ್ಲಿದ್ದ ಪ್ರಧಾನ ಕಚೇರಿ 1967ರಲ್ಲಿ ಬ್ರಸೆಲ್ಸಿಗೆ ಗಂಟುಮೂಟೆ ಕಟ್ಟಿತು. ಉಳಿದ 14 ದೇಶಗಳು ಸೇನೆಯ ಲೆಕ್ಕವನ್ನು ಈ ಸಮಿತಿಯಲ್ಲಿ ಮುಂದುವರಿಸಿದವು. ಫ್ರಾನ್ಸ್ ಜಂಟಿ ಆಡಳಿತಕ್ಕೆ ಮರಳಿದ್ದು 2009ರಲ್ಲಿ. ಮರುವರ್ಷ ಸಮಿತಿ ವಿಸರ್ಜನೆಗೊಂಡಿತು.

ಪ್ರಶ್ನೆಯೇ ಆಯುಧ

ಹಾಗಿದ್ದರೆ ಯೋಜನಾಧಿಕಾರಿ ದಿನವಿಡೀ ಮಾಡುವುದೇನು? ಬ್ರಸೆಲ್ಸಿನ ಪ್ರಧಾನ ಕಚೇರಿಯಲ್ಲಿ ಸುಮಾರು 4,000 ಜನ ಕೆಲಸ ಮಾಡುತ್ತಾರೆ. ಅವರಲ್ಲಿ ಯೋಜನೆಯ ಕೆಲಸಕ್ಕೆ ಸೇರಿದವರು ಚಿಕ್ಕ ಗುಂಪು. ಕೆಲವರು ನಾಗರಿಕ ಅಧಿಕಾರಿಗಳು, ಕೆಲವರು ತಮ್ಮ ದೇಶದ ಸೇನೆಯಿಂದ ಎರವಲಾಗಿ ಬಂದವರು. ಕೂಟದ ಅಧಿಕೃತ ಭಾಷೆಗಳು ಎರಡು, ಇಂಗ್ಲಿಷ್ ಮತ್ತು ಫ್ರೆಂಚ್. ಹುಟ್ಟಿದ ದೇಶ ಯಾವುದಾದರೂ ಕೂಟದ ನಾಗರಿಕ ಸಿಬ್ಬಂದಿಗೆ ಸೇರಿದ ಮೇಲೆ ನಿಷ್ಠೆ ಕೂಟಕ್ಕೆ ಎಂಬುದು ನಿಯಮ.

2009ರಿಂದ ಈ ಕೆಲಸ ನಾಲ್ಕು ವರ್ಷದ ಚಕ್ರವಾಗಿ, ಐದು ಮೆಟ್ಟಿಲುಗಳಲ್ಲಿ ಸಾಗುತ್ತದೆ. ಮೊದಲು ಸಚಿವರು ರಾಜಕೀಯ ಸೂಚನೆ ಕೊಡುತ್ತಾರೆ: ಯಾವ ಬಗೆಯ, ಎಷ್ಟು ದೊಡ್ಡ ಯುದ್ಧಕ್ಕೆ ಸಿದ್ಧರಿರಬೇಕು ಎಂದು. ಎರಡನೆಯದಾಗಿ ಸೇನಾ ಮುಖ್ಯ ಕಚೇರಿಗಳು ಅದಕ್ಕೆ ಏನೇನು ಬೇಕೆಂದು ಪಟ್ಟಿ ಮಾಡುತ್ತವೆ. ಮೂರನೆಯದು ಆ ಪಟ್ಟಿಯನ್ನು ದೇಶ ದೇಶಕ್ಕೆ ಹಂಚುವುದು. ನಾಲ್ಕನೆಯದು ಹಂಚಿದ್ದನ್ನು ಈಡೇರಿಸಲು ನೆರವಾಗುವುದು. ಐದನೆಯದು ಪರಿಶೀಲನೆ.

ಹಂಚುವ ಮೆಟ್ಟಿಲೇ ಎಲ್ಲಕ್ಕಿಂತ ಇಕ್ಕಟ್ಟಿನದು. ನ್ಯಾಟೊದಲ್ಲಿ ಎಲ್ಲ ತೀರ್ಮಾನಗಳೂ ಒಮ್ಮತದಿಂದ ಆಗಬೇಕು. ಕರಡನ್ನು ಎಲ್ಲರಿಗೂ ಕಳಿಸಿ ಒಂದು ಗಡುವು ಕೊಡುವ ಪದ್ಧತಿಯೂ ಉಂಟು. ಅಷ್ಟರೊಳಗೆ ಯಾರೂ ಬಾಯಿ ಬಿಡದಿದ್ದರೆ ಒಪ್ಪಿದಂತೆ. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಅಲ್ಲಿ ಗಾದೆಯಲ್ಲ, ಕಾರ್ಯವಿಧಾನ! ಆದರೆ ಸೇನಾಪಾಲಿನ ವಿಷಯದಲ್ಲಿ ಒಮ್ಮತದ ನಿಯಮ ಸ್ವಲ್ಪ ಬಾಗುತ್ತದೆ. ಒಂದು ದೇಶದ ಪಾಲು ಎಷ್ಟೆಂದು ನಿರ್ಧರಿಸುವಾಗ ಆ ದೇಶದ ತಕರಾರು ದಾಖಲಾಗುತ್ತದೆ, ಆದರೆ ತಡೆಯಾಗುವುದಿಲ್ಲ. ಉಳಿದವರೆಲ್ಲ ಒಪ್ಪಿದರೆ ಸಾಕು. ತನ್ನ ವಂತಿಗೆಯನ್ನು ತಾನೇ ಗೀಚಿ ಹಾಕಲು ಯಾವ ಮನೆಗೂ ಅವಕಾಶವಿಲ್ಲ. ಒಮ್ಮತದ ಮೇಲೆ ನಿಂತ ಕೂಟದಲ್ಲಿ ಇಂಥ ನಿಯಮಕ್ಕೆ ಎಲ್ಲರೂ ತಲೆಬಾಗಿದ್ದು ಸಣ್ಣ ಸಂಗತಿಯಲ್ಲ.

ಪರಿಶೀಲನೆಯಲ್ಲಿ ಪ್ರಶ್ನಾವಳಿ ಮತ್ತೆ ಬರುತ್ತದೆ. ಒಂದು ದೇಶ ತನ್ನಲ್ಲಿ ಸಜ್ಜಾದ ಬ್ರಿಗೇಡ್ ಇದೆ ಎಂದು ಬರೆದರೆ ಅಧಿಕಾರಿಯ ಕೆಲಸ ಅಲ್ಲಿಂದ ಶುರು. ಅದರ ಫಿರಂಗಿಗೆ ಎಷ್ಟು ದಿನದ ಗುಂಡು ಇದೆ? ಟ್ಯಾಂಕು ಸಾಗಿಸಲು ರೈಲು ಬಂಡಿ ಇದೆಯೇ? ದಾರಿಯ ಸೇತುವೆ ಆ ಭಾರ ತಡೆಯುತ್ತದೆಯೇ? ಆಸ್ಪತ್ರೆ ಯಾರದು? ಅದೇ ಬ್ರಿಗೇಡನ್ನು ಬೇರೆ ಕಡೆಗೂ ಕೊಡುವುದಾಗಿ ಹೇಳಿಲ್ಲ ತಾನೆ? ಕೊನೆಗೆ ಎಲ್ಲ ಮಿತ್ರದೇಶಗಳ ಎದುರಿನಲ್ಲಿ ಆ ದೇಶದ ಮೌಲ್ಯಮಾಪನ ಚರ್ಚೆಗೆ ಬರುತ್ತದೆ. ದಂಡವಿಲ್ಲ, ಶಿಕ್ಷೆಯಿಲ್ಲ. ನೆಂಟರೆದುರು ಆಗುವ ಮುಜುಗರವೊಂದೇ ಅಂಕುಶ.

ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವಂತೆಯೂ ಇಲ್ಲ. 1949ರಲ್ಲಿ ಸಹಿ ಹಾಕಿದ 12 ದೇಶಗಳಲ್ಲಿ ಐಸ್‌ಲ್ಯಾಂಡ್ ಕೂಡ ಒಂದು. ಅದಕ್ಕೆ ಅಂದೂ ಸೈನ್ಯವಿರಲಿಲ್ಲ, ಇಂದೂ ಇಲ್ಲ. ಆದರೆ ಉತ್ತರ ಅಟ್ಲಾಂಟಿಕ್ ಸಾಗರದ ನಡುವೆ ಅದು ಇರುವ ಜಾಗ, ಕೆಫ್ಲಾವಿಕ್ ವಾಯುನೆಲೆ ಇವೇ ಅದರ ಕಾಣಿಕೆ. ಅಕ್ಕಿ ಕೊಡಲಾಗದವನು ಅಂಗಳ ಬಿಟ್ಟುಕೊಟ್ಟ ಹಾಗೆ.

ಗೋಡೆಯಾಚೆಗಿನ ಓದುಗರು

ಇಷ್ಟೆಲ್ಲ ಬಲ ಮತ್ತು ಬಲಹೀನತೆಗಳನ್ನು ಒಂದೆಡೆ ಬರೆದಿಟ್ಟರೆ ಅದನ್ನು ಓದಲು ಎದುರಾಳಿಗೆ ಆಸೆಯಾಗದಿರುತ್ತದೆಯೇ? 1977ರಲ್ಲಿ ಬ್ರಸೆಲ್ಸ್ ಕಚೇರಿಯ ಆರ್ಥಿಕ ವಿಭಾಗಕ್ಕೆ ಸೇರಿದ ಪಶ್ಚಿಮ ಜರ್ಮನಿಯ ರೈನರ್ ರುಪ್, 'ಟೋಪಾಜ್' ಎಂಬ ಗುಪ್ತನಾಮದ ಪೂರ್ವ ಜರ್ಮನಿಯ ಗೂಢಚಾರನಾಗಿದ್ದ. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕೂಟದ ರಹಸ್ಯ ದಾಖಲೆಗಳನ್ನು ಆತ ಆಚೆಗೆ ಸಾಗಿಸಿದ. ಗೋಡೆ ಬಿದ್ದ ಮೇಲೆ, 1993ರಲ್ಲಿ ಸಿಕ್ಕಿಬಿದ್ದು, 1994ರಲ್ಲಿ 12 ವರ್ಷಗಳ ಸಜೆಗೆ ಗುರಿಯಾದ.

1983ರ ನವೆಂಬರಿನಲ್ಲಿ ನ್ಯಾಟೊ ನಡೆಸಿದ 'ಏಬಲ್ ಆರ್ಚರ್' ಸಮರಾಭ್ಯಾಸವನ್ನು ನಿಜವಾದ ದಾಳಿಯ ಮುನ್ನುಡಿಯೆಂದು ಮಾಸ್ಕೊದಲ್ಲಿ ಕೆಲವರು ಶಂಕಿಸಿದ್ದರು. ದಾಳಿಯ ಉದ್ದೇಶವಿಲ್ಲವೆಂದು ತಾನು ಕಳಿಸಿದ ಮಾಹಿತಿ ಅನಾಹುತ ತಪ್ಪಿಸಿತು ಎಂಬುದು ರುಪ್ ಮುಂದೆ ಮಾಡಿಕೊಂಡ ಸಮರ್ಥನೆ. ಯುದ್ಧ ನಡೆದಿದ್ದರೆ ಅದೇ ಕಡತಗಳು ಲಕ್ಷಾಂತರ ಜನರಿಗೆ ಮೃತ್ಯುಪತ್ರವಾಗುತ್ತಿದ್ದವು ಎಂಬುದೂ ಅಷ್ಟೇ ದಿಟ.

ಗೋಡೆ ಬಿದ್ದ ಮೇಲೆ

1989ರಲ್ಲಿ ಬರ್ಲಿನ್ ಗೋಡೆ ಬಿದ್ದಿತು, 1991ರಲ್ಲಿ ವಾರ್ಸಾ ಒಪ್ಪಂದ ಮುರಿಯಿತು, ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಎದುರಾಳಿಯೇ ಇಲ್ಲದಾಗ ಯೋಜನಾಧಿಕಾರಿಗೆ ಏನು ಕೆಲಸ? ಹಣಕಾಸು ಸಚಿವರಿಗಂತೂ ಹಬ್ಬ. ಫ್ರಾನ್ಸ್ ಕಡ್ಡಾಯ ಸೇನಾ ಸೇವೆಯನ್ನು 2001ರಲ್ಲಿ ಕೊನೆಗೊಳಿಸಿತು, ಜರ್ಮನಿ 2011ರಲ್ಲಿ ಅಮಾನತಿನಲ್ಲಿಟ್ಟಿತು. ಶೀತಲ ಸಮರದ ಕೊನೆಗೆ ಎರಡು ಸಾವಿರಕ್ಕೂ ಹೆಚ್ಚು ಲೆಪರ್ಡ್-2 ಟ್ಯಾಂಕುಗಳಿದ್ದ ಜರ್ಮನಿ 2011ರ ಸುಧಾರಣೆಯಲ್ಲಿ 225 ಸಾಕೆಂದಿತು.

ಆದರೆ ಪ್ರಶ್ನಾವಳಿ ನಿಲ್ಲಲಿಲ್ಲ. ಅದಕ್ಕೆ ಹೊಸ ಓದುಗರು ಸಿಕ್ಕರು. 1994ರ 'ಶಾಂತಿಗಾಗಿ ಸಹಭಾಗಿತ್ವ' ಕಾರ್ಯಕ್ರಮದ ಅಡಿಯಲ್ಲಿ ಮರುವರ್ಷದಿಂದ ಸದಸ್ಯರಲ್ಲದ ದೇಶಗಳೂ ಇಂಥದೇ ಯೋಜನಾ ಪರಿಶೀಲನೆಗೆ ಒಳಪಡಲು ಅವಕಾಶವಾಯಿತು. ಒಂದು ಕಾಲಕ್ಕೆ ನ್ಯಾಟೊ ಲೆಕ್ಕದಲ್ಲಿ ಶತ್ರು ಡಿವಿಷನ್ನುಗಳಾಗಿದ್ದ ಪೋಲೆಂಡ್, ಹಂಗೇರಿಗಳ ಸೇನಾಧಿಕಾರಿಗಳು ಈಗ ಅದೇ ನ್ಯಾಟೊದ ನಮೂನೆಗಳನ್ನು ತುಂಬತೊಡಗಿದರು. 1999ರಲ್ಲಿ ಜೆಕ್ ಗಣರಾಜ್ಯದೊಂದಿಗೆ ಅವೂ ಸದಸ್ಯರಾದವು. 2023ರಲ್ಲಿ ಫಿನ್ಲೆಂಡ್, 2024ರಲ್ಲಿ ಸ್ವೀಡನ್ ಸೇರಿ ಸದಸ್ಯರ ಸಂಖ್ಯೆ 32 ಆದಾಗ, ಅವೆರಡರ ಸೇನಾ ಲೆಕ್ಕ ಬ್ರಸೆಲ್ಸಿಗೆ ಹೊಸತಾಗಿರಲಿಲ್ಲ. ಹೊರಗಿದ್ದುಕೊಂಡೇ ವರ್ಷಗಟ್ಟಲೆ ಪ್ರಶ್ನೆಗಳಿಗೆ ಉತ್ತರ ಬರೆದಿದ್ದ ದೇಶಗಳವು.

ಯೋಜನೆ ಕಂಡದ್ದೇ ಒಂದು, ಕಾಲ ತಂದದ್ದೇ ಒಂದು. ಅಮೆರಿಕ ಬಂದು ಯುರೋಪನ್ನು ಕಾಯುವುದು ಹೇಗೆಂದು ನಾಲ್ಕು ದಶಕ ಲೆಕ್ಕ ಹಾಕಿದ ಕೂಟ, 5ನೇ ವಿಧಿಯನ್ನು ಮೊದಲ ಬಾರಿಗೆ ಜಾರಿಗೆ ತಂದದ್ದು ಅಮೆರಿಕದ ಮೇಲೆ ದಾಳಿಯಾದಾಗ, 2001ರ ಸೆಪ್ಟೆಂಬರ್ 12ರಂದು. ಅಕ್ಟೋಬರಿನಿಂದ ಮರುವರ್ಷದ ಮೇವರೆಗೆ ಅಮೆರಿಕದ ಆಕಾಶವನ್ನು ಕಾಯಲು ಅಟ್ಲಾಂಟಿಕ್ ದಾಟಿ ಹೋದವು ಗೈಲೆನ್‌ಕಿರ್ಶನ್ನಿನ ಅದೇ ಸಿಂಹಲಾಂಛನದ ವಿಮಾನಗಳು!

ಶೇಕಡಾವಾರು ಮಾಯೆ

ಡಿವಿಷನ್ನುಗಳ ಲೆಕ್ಕ ಜನರಿಗೆ ತಿಳಿಯುವುದು ಕಷ್ಟ. ಶೇಕಡಾವಾರು ಸುಲಭ. 1977-78ರಲ್ಲಿ ಪ್ರತಿ ದೇಶವೂ ರಕ್ಷಣಾ ವೆಚ್ಚವನ್ನು ಹಣದುಬ್ಬರ ಕಳೆದು ವರ್ಷಕ್ಕೆ ಶೇ 3ರಷ್ಟು ಹೆಚ್ಚಿಸಬೇಕೆಂದು ತೀರ್ಮಾನವಾಗಿತ್ತು. ಅನೇಕರು ಅದನ್ನು ಮುಟ್ಟಲಿಲ್ಲ. ರಷ್ಯಾ ಕ್ರೈಮಿಯಾವನ್ನು ಕಬಳಿಸಿದ 2014ರಲ್ಲಿ ಬ್ರಿಟನ್ನಿನ ವೇಲ್ಸಿನಲ್ಲಿ ಸೇರಿದ ನಾಯಕರು, ದಶಕದೊಳಗೆ ಒಟ್ಟು ದೇಶೀಯ ಉತ್ಪನ್ನದ ಶೇ 2ರಷ್ಟು ರಕ್ಷಣೆಗೆ ತಲುಪುವತ್ತ ಸಾಗುವುದಾಗಿ ಹೇಳಿದರು. ಆಗ ಆ ಮಟ್ಟದಲ್ಲಿದ್ದದ್ದು ಅಮೆರಿಕ, ಬ್ರಿಟನ್ ಮತ್ತು ಗ್ರೀಸ್ ಮಾತ್ರ. 2024ರ ಜೂನ್‌ನ ಅಂದಾಜಿನಂತೆ 23 ದೇಶಗಳು ಆ ಗೆರೆ ದಾಟುವುದರಲ್ಲಿದ್ದವು.

ಶೇಕಡಾವಾರು ಎಲ್ಲವನ್ನೂ ಹೇಳುವುದಿಲ್ಲ. ಗ್ರೀಸಿನ ವೆಚ್ಚ ಹೆಚ್ಚಿರಲು ರಷ್ಯಾದ ಭಯಕ್ಕಿಂತ, ಕೂಟದ ಇನ್ನೊಬ್ಬ ಸದಸ್ಯನಾದ ಟರ್ಕಿಯೊಂದಿಗಿನ ಹಳೆಯ ವೈಮನಸ್ಯ ದೊಡ್ಡ ಕಾರಣ. ನಿವೃತ್ತ ಸೈನಿಕರ ಪಿಂಚಣಿಯೂ ನ್ಯಾಟೊ ಲೆಕ್ಕದಲ್ಲಿ ರಕ್ಷಣಾ ವೆಚ್ಚವೇ. ಪಿಂಚಣಿ ಕೊಡುವುದು ಧರ್ಮ, ಆದರೆ ಅದರಿಂದ ಫಿರಂಗಿಗೆ ಗುಂಡು ಬರುವುದಿಲ್ಲ. 2011ರ ಲಿಬಿಯಾ ಕಾರ್ಯಾಚರಣೆ ಶುರುವಾಗಿ 11 ವಾರಗಳಾಗುವಷ್ಟರಲ್ಲೇ ಅನೇಕ ಮಿತ್ರದೇಶಗಳ ಮದ್ದುಗುಂಡು ಮುಗಿಯುತ್ತಾ ಬಂದಿದೆ ಎಂದು ಅಮೆರಿಕದ ಅಂದಿನ ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಬ್ರಸೆಲ್ಸಿನಲ್ಲಿಯೇ ಬಹಿರಂಗವಾಗಿ ದೂರಿದ್ದರು. ರಷ್ಯಾ 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ನಡೆಸಿದ ನಂತರ ಆ ದೂರು ಸತ್ಯವಾಗಿ ಎದುರು ನಿಂತಿತು. ಉಕ್ರೇನ್ ಮದ್ದುಗುಂಡು ಬಳಸುವ ವೇಗ ಮಿತ್ರದೇಶಗಳು ಅದನ್ನು ತಯಾರಿಸುವ ವೇಗಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ ಎಂದು 2023ರ ಫೆಬ್ರುವರಿಯಲ್ಲಿ ಮಹಾಕಾರ್ಯದರ್ಶಿ ಯೆನ್ಸ್ ಸ್ಟೋಲ್ಟನ್‌ಬರ್ಗ್ ಒಪ್ಪಿಕೊಂಡರು.

2025ರ ಜೂನ್ 5ರಂದು ರಕ್ಷಣಾ ಸಚಿವರು ಹೊಸ ಸಾಮರ್ಥ್ಯ ಗುರಿಗಳಿಗೆ ಒಪ್ಪಿಗೆ ಕೊಟ್ಟರು. ದೇಶವಾರು ಪಾಲಿನ ವಿವರ ರಹಸ್ಯ. ವಾಯು ಮತ್ತು ಕ್ಷಿಪಣಿ ರಕ್ಷಣೆ ಶೇ 400ರಷ್ಟು ಹೆಚ್ಚಬೇಕು ಎಂದು ಮಹಾಕಾರ್ಯದರ್ಶಿ ಮಾರ್ಕ್ ರುಟ್ಟೆ ಅದೇ ತಿಂಗಳು ಲಂಡನ್ನಿನಲ್ಲಿ ಹೇಳಿದ್ದರಿಂದ ಅದರ ಗಾತ್ರವನ್ನು ಊಹಿಸಬಹುದು. ತಿಂಗಳ ಕೊನೆಯಲ್ಲಿ ಹೇಗ್ ನಗರದಲ್ಲಿ ಸೇರಿದ ನಾಯಕರು 2035ರ ಹೊತ್ತಿಗೆ ಶೇ 5ರ ಗುರಿ ಒಪ್ಪಿದರು. ಶೇ 3.5 ನೇರವಾಗಿ ಸೇನೆಗೆ, ಶೇ 1.5 ರಸ್ತೆ, ಸೇತುವೆ, ಸಂಪರ್ಕಜಾಲದಂಥ ಪೂರಕ ವ್ಯವಸ್ಥೆಗಳಿಗೆ. ಸ್ಪೇನಿನ ಪ್ರಧಾನಿ ಪೆಡ್ರೊ ಸಾಂಚೆಸ್ ಮಾತ್ರ, ತಮ್ಮ ಪಾಲಿನ ಸಾಮರ್ಥ್ಯ ಒದಗಿಸಲು ಶೇ 2.1 ಸಾಕೆಂದು ಪಟ್ಟು ಹಿಡಿದರು. ಸೇನೆಗೆ ಹೋದ ಹಣ ಶಾಲೆ, ಆಸ್ಪತ್ರೆ, ಪಿಂಚಣಿಗೆ ಉಳಿಯದು ಎಂಬ 1952ರ ಪ್ರಶ್ನೆ ಹೊಸ ಅಂಕಿಗಳೊಂದಿಗೆ ಮರಳಿ ಬಂದಿದೆ.

ಒಂಟಿ ಮನೆಯ ದಾರಿ

ಭಾರತ ಇಂಥ ಯಾವ ಕೂಟಕ್ಕೂ ಸೇರಲಿಲ್ಲ. 1954-55ರಲ್ಲಿ ಪಾಕಿಸ್ತಾನ ಸಿಯಾಟೊ ಮತ್ತು ಬಾಗ್ದಾದ್ ಒಪ್ಪಂದಗಳಿಗೆ ಸೇರಿದಾಗಲೂ ನೆಹರೂ ಅಲಿಪ್ತ ನೀತಿಯನ್ನು ಬಿಡಲಿಲ್ಲ. ಆದರೆ ಲೆಕ್ಕದಿಂದ ಯಾರಿಗೂ ವಿನಾಯಿತಿಯಿಲ್ಲ. 1962ರ ಚೀನಾ ಯುದ್ಧದ ಪೆಟ್ಟಿನ ನಂತರ 1964ರಿಂದ ಭಾರತವೂ ಐದು ವರ್ಷಗಳ ರಕ್ಷಣಾ ಯೋಜನೆ ಆರಂಭಿಸಿತು. 8 ಲಕ್ಷ 25 ಸಾವಿರ ಜನರ ಭೂಸೇನೆ, 45 ಸ್ಕ್ವಾಡ್ರನ್‌ಗಳ ವಾಯುಪಡೆ ಅದರ ಗುರಿ. ಒಂಟಿ ಮನೆಗೆ ವಂತಿಗೆ ಎತ್ತುವ ತಾಪತ್ರಯವಿಲ್ಲ. ದೆಹಲಿಯ ಒಂದು ಸಂಪುಟ, ಒಂದು ಸಂಸತ್ತು ಒಪ್ಪಿದರೆ ಆಯಿತು. ಆದರೆ ಕಷ್ಟ ಬಂದಾಗ ನೆರೆಮನೆಯ ಹಗ್ಗವನ್ನು ನೆಚ್ಚುವಂತೆಯೂ ಇಲ್ಲ.

ಲಿಸ್ಬನ್ನಿನ 96 ಡಿವಿಷನ್ನುಗಳಿಂದ ಹೇಗ್ ನಗರದ ಶೇ 5ರವರೆಗೆ ನ್ಯಾಟೊ ಯೋಜನೆಗಳ ಚರಿತ್ರೆ ಹೆಚ್ಚಾಗಿ ಮುಟ್ಟದ ಗುರಿಗಳ ಚರಿತ್ರೆ. ಹಾಗೆಂದು ಅದು ವ್ಯರ್ಥವೆನ್ನಲಾಗದು. ಮಿತ್ರರು ಎಷ್ಟು ಕೊಡಬಲ್ಲರು, ಎಲ್ಲಿ ಕೈಚೆಲ್ಲುತ್ತಾರೆ ಎಂಬುದು ಯುದ್ಧದ ಮೊದಲ ದಿನ ಗೊತ್ತಾಗುವುದಕ್ಕಿಂತ ಶಾಂತಿಯ ದಿನಗಳಲ್ಲಿ ಮೇಜಿನ ಸುತ್ತ ಗೊತ್ತಾಗುವುದು ಮೇಲು. ಹಾಗೆ ಗೊತ್ತಾಗದೆ ಹೋದ ಕೊರತೆಯನ್ನು ಯಾವುದು ತುಂಬುತ್ತದೆಂಬುದನ್ನು 1955ರ ಸಮರಾಭ್ಯಾಸ ಹೇಳಿದೆ. ಹೇಗ್‌ನಲ್ಲಿ ಕೊಟ್ಟ ಮಾತಿನ ಪ್ರಗತಿಯನ್ನು 2029ರಲ್ಲಿ ಪರಿಶೀಲಿಸಬೇಕೆಂದು ನಾಯಕರು ತೀರ್ಮಾನಿಸಿದ್ದಾರೆ. ಆ ಹೊತ್ತಿಗೆ ಸರ್ಕಾರಗಳು ಬದಲಾಗಿರಬಹುದು, ನಾಯಕರು ಬದಲಾಗಿರಬಹುದು. ಬ್ರಸೆಲ್ಸಿನ ಲೆಕ್ಕಿಗ ಮಾತ್ರ 32 ಕಡತಗಳನ್ನು ಮೇಜಿನ ಮೇಲಿಟ್ಟುಕೊಂಡು ಮೂವರು ಜಾಣರು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಬೇಕು: ಇದೆ ಎಂದು ಬರೆದಿದ್ದೀರಿ, ನಿಜವಾಗಿಯೂ ಇದೆಯೇ?